ಯೋಗ್ಯರು ಯಾರೂ ಸಿಗಲಿಲ್ಲ

ಅಂಚೆ ಕಚೇರಿಯ ತಕ್ಕಡಿ 2 ಕೆಜಿ 140 ಗ್ರಾಂ ತೋರಿಸಿತು. ಕೌಂಟರಿನಲ್ಲಿದ್ದವರು ಪಾರ್ಸೆಲನ್ನು ಒಮ್ಮೆ ಕೈಯಲ್ಲಿ ಎತ್ತಿ ನೋಡಿ, "ಏನಮ್ಮಾ ಇದು, ಮದುವೆ ಆಲ್ಬಮ್ಮಾ?" ಅಂದರು.

"ಇಲ್ಲ ಸಾರ್, ಕೆಲಸದ ಅರ್ಜಿ."

"ಇಷ್ಟು ದಪ್ಪನಾ? ಯಾವ ಕೆಲಸ?"

"ಫಿಲಾಸಫಿ ಅಸಿಸ್ಟೆಂಟ್ ಪ್ರೊಫೆಸರ್."

"ಎಷ್ಟು ಪೋಸ್ಟ್ ಇದೆ?"

"ಒಂದು."

ಅವರು ಮತ್ತೇನೂ ಕೇಳಲಿಲ್ಲ. ಬಾರ್‌ಕೋಡ್ ಚೀಟಿಯನ್ನು ಮಾತ್ರ ಎರಡೆರಡು ಸಲ ಒತ್ತಿ ಅಂಟಿಸಿದರು.

ಆ ಕಟ್ಟಿನಲ್ಲಿ ಏನಿತ್ತು ಅಂದರೆ, ನನ್ನ ಜೀವನದ ಎಲ್ಲ ಜೆರಾಕ್ಸ್. ಮೊದಲು ಆನ್‌ಲೈನ್‌ನಲ್ಲಿ ಅರ್ಜಿ ತುಂಬಬೇಕು, ಫೀಸು ಕಟ್ಟಬೇಕು. ಆಮೇಲೆ ಅದೇ ಅರ್ಜಿಯನ್ನು ಪ್ರಿಂಟ್ ತೆಗೆಯಬೇಕು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಿಂದ ಹಿಡಿದು ಪಿಎಚ್‌.ಡಿ. ನೋಟಿಫಿಕೇಷನ್‌ವರೆಗೆ ಎಲ್ಲದರ ನಕಲು ಜೋಡಿಸಿ, ಪ್ರತಿ ಹಾಳೆಗೂ ಸಹಿ ಹಾಕಿ, ಎರಡು ಸೆಟ್ ಸ್ಪೈರಲ್ ಬೈಂಡ್ ಮಾಡಿಸಿ, ಕೊನೇ ದಿನದೊಳಗೆ ರಿಜಿಸ್ಟ್ರಾರ್ ಕಚೇರಿಗೆ ಮುಟ್ಟಿಸಬೇಕು. ಆನ್‌ಲೈನ್‌ನಲ್ಲಿ ಹಾಕಿದ್ದನ್ನೇ ಮತ್ತೆ ಕಾಗದದಲ್ಲಿ ಯಾಕೆ ಕೇಳುತ್ತಾರೆ ಅಂತ ನಾನು ಯೋಚನೆ ಮಾಡುವುದನ್ನು ಬಿಟ್ಟು ಬಹಳ ದಿನವಾಯಿತು.

ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2018ರ ನಿಯಮಾವಳಿಯಲ್ಲಿ ಅರ್ಜಿ ಹಾಕಿದವರಿಗೆ 100 ಅಂಕದ ಒಂದು ಲೆಕ್ಕ ಇದೆ. ವಿಶ್ವವಿದ್ಯಾಲಯದ ಹುದ್ದೆಯಾದರೆ ಪಿಎಚ್‌.ಡಿ.ಗೆ 30. ನೆಟ್‌ಗೆ, ಅಂದರೆ ಉಪನ್ಯಾಸಕರಾಗಲು ಬರೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆಗೆ, 5. ಅದರ ಜೊತೆಗೆ ಸಂಶೋಧನೆಯ ಫೆಲೋಶಿಪ್ಪಾದ ಜೆಆರ್‌ಎಫ್ ಇದ್ದರೆ ಒಟ್ಟು 7. ಒಂದು ಸಂಶೋಧನಾ ಲೇಖನಕ್ಕೆ 2, ಎಷ್ಟೇ ಬರೆದರೂ 10ಕ್ಕೆ ನಿಲ್ಲುತ್ತದೆ. ಪಾಠ ಮಾಡಿದ ಒಂದು ವರ್ಷಕ್ಕೆ 2, ಅದೂ 10ಕ್ಕೆ ನಿಲ್ಲುತ್ತದೆ. ಇದನ್ನೆಲ್ಲ ಕೂಡಿ ಕೂಡಿ ರಾತ್ರಿ ಹನ್ನೆರಡಾಗುತ್ತದೆ. ತಮಾಷೆ ಏನೆಂದರೆ, ಈ ಅಂಕ ಸಂದರ್ಶನದ ಬಾಗಿಲ ತನಕ ಮಾತ್ರ. ಯಾರನ್ನು ಕರೆಯಬೇಕು ಅಂತ ತೀರ್ಮಾನ ಮಾಡುವುದಕ್ಕೆ ಅಷ್ಟೇ. ಒಳಗೆ ಹೋದ ಮೇಲೆ ಅದಕ್ಕೆ ಬೆಲೆ ಇಲ್ಲ, ಆಯ್ಕೆ ನಡೆಯುವುದು ಸಂದರ್ಶನದ ಮೇಲೆಯೇ.

ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎ. ಮಾಡಿದವಳು. ಊರು ಹಾಸನ ಜಿಲ್ಲೆಯ ಒಂದು ಹಳ್ಳಿ. ನಮ್ಮ ದೊಡ್ಡಮ್ಮನಿಗೆ ಇವತ್ತಿಗೂ ನಾನು ಜ್ಯೋತಿಷ್ಯ ಓದಿದ್ದೇನೆ ಅಂತಲೇ ನಂಬಿಕೆ. ಮೊಮ್ಮಗಳ ಜಾತಕ ನನಗೆ ವಾಟ್ಸಾಪ್ ಮಾಡಿದ್ದರು. ಮಾವ ಒಬ್ಬರಿಗೆ ಮಾತ್ರ ಸ್ವಲ್ಪ ಅಂದಾಜಿತ್ತು. ಅವರು ಭಜನೆ ಮನೆಯಲ್ಲಿ ತತ್ವಪದ ಹಾಡುವವರು. "ಅದ್ನೇ ಅಲ್ವಾ ನೀನು ಓದೋದು, ಸಂಬಳಕ್ಕೆ" ಅಂದಿದ್ದರು. ಸಂಬಳದ ಮಾತು ಬಿಟ್ಟರೆ ಉಳಿದದ್ದು ಹೆಚ್ಚೂಕಮ್ಮಿ ಸರಿ.

ಪಿಎಚ್‌.ಡಿ.ಗೆ ತೆಗೆದುಕೊಂಡ ವಿಷಯ ಅಭಾವ. ಅಂದರೆ 'ಇಲ್ಲ' ಅನ್ನುವುದು ನಮಗೆ ಹೇಗೆ ಗೊತ್ತಾಗುತ್ತದೆ ಅನ್ನುವ ಪ್ರಶ್ನೆ. ನೆಲದ ಮೇಲೆ ಗಡಿಗೆ ಇಲ್ಲ. ನೆಲ ಕಾಣುತ್ತದೆ, ಸರಿ. ಗಡಿಗೆ ಇಲ್ಲದಿರುವುದೂ ಕಣ್ಣಿಗೇ ಕಾಣುತ್ತದಾ, ಅಥವಾ ಅದಕ್ಕೆ ಬೇರೆ ದಾರಿ ಬೇಕಾ? ನ್ಯಾಯ ಅನ್ನುವ ದರ್ಶನದವರು, ಅಂದರೆ ನೈಯಾಯಿಕರು, ಕಾಣುತ್ತದೆ ಅಂದರು. ಮೀಮಾಂಸೆಯ ಕುಮಾರಿಲ ಭಟ್ಟನ ಕಡೆಯವರು ಇಲ್ಲ, ಅದಕ್ಕೆ ಅನುಪಲಬ್ಧಿ (ಕಾಣದಿರುವುದು) ಅಂತ ಬೇರೆಯದೇ ಪ್ರಮಾಣ, ಅಂದರೆ ತಿಳಿಯುವ ದಾರಿ, ಬೇಕು ಅಂದರು. ಈ ಜಗಳದ ಮೇಲೆ ಐದು ವರ್ಷ ಕೂತೆ. ಒಂದು ದಿನಕ್ಕೂ ಬೇಜಾರಾಗಲಿಲ್ಲ. ಇದನ್ನು ಹೇಳದೆ ಬರೀ ಗೋಳು ಬರೆದರೆ ಸುಳ್ಳು ಬರೆದಂತೆ.

ನೆಟ್ ಪಾಸಾಗಿದ್ದು ಮೂರನೇ ಸಲಕ್ಕೆ. ಮೊದಲೆರಡು ಸಲ ಮೂರು ಪೇಪರ್ ಇದ್ದ ಕಾಲ. ಮೂರನೆಯದು 2018ರ ಡಿಸೆಂಬರ್, ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಎನ್‌ಟಿಎ ಮೊದಲ ಬಾರಿಗೆ ಕಂಪ್ಯೂಟರ್‌ನಲ್ಲಿ ನಡೆಸಿದ ಪರೀಕ್ಷೆ. ತತ್ವಶಾಸ್ತ್ರದ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ನಾನು ಬಿ.ಎ.ವರೆಗೆ ಕನ್ನಡ ಮಾಧ್ಯಮ. ತರ್ಕದ ಪದಗಳಾದ ಹೇತು, ಸಾಧ್ಯ, ವ್ಯಾಪ್ತಿ ಎಲ್ಲ ನನಗೆ ಮನೆ ಮಾತಿನ ಹಾಗೆ. ಇಂಗ್ಲಿಷ್ ಅನುವಾದದಲ್ಲಿ ಅವೇ ಪದ ಲ್ಯಾಟಿನ್ ವೇಷ ಹಾಕಿಕೊಂಡು ಬಂದರೆ ಗುರುತೇ ಸಿಗುತ್ತಿರಲಿಲ್ಲ. 'ಪ್ರೋಬ್ಯಾನ್ಸ್' ಅಂತ ಇತ್ತು. ಯಾರಪ್ಪಾ ಇದು ಅಂದುಕೊಂಡೆ. ಆಮೇಲೆ ಒಂದು ಉಪಾಯ ಹೊಳೆಯಿತು. ಇಂಗ್ಲಿಷಿನಲ್ಲಿ ಅರ್ಥವಾಗದೇ ಹೋದರೆ ಅದೇ ಪ್ರಶ್ನೆಯನ್ನು ಹಿಂದಿಯಲ್ಲಿ ತೆಗೆದು ನೋಡುವುದು. ಅಲ್ಲಿ 'ಹೇತು' ಅಂತಲೇ ಇರುತ್ತಿತ್ತು. ನನಗೆ ಹಿಂದಿ ಮಾತಾಡಲು ಸರಿಯಾಗಿ ಬರುವುದಿಲ್ಲ, ಆದರೂ ಸುಮಾರು ಪ್ರಶ್ನೆಗಳನ್ನು ಹಿಂದಿಯಲ್ಲೇ ಓದಿ ಟಿಕ್ ಮಾಡಿ ಬಂದೆ. ನೆಟ್ ಆಯಿತು. ಜೆಆರ್‌ಎಫ್ ಸ್ವಲ್ಪದರಲ್ಲಿ ತಪ್ಪಿತು. ಹಾಗಾಗಿ ಫೆಲೋಶಿಪ್ ಇಲ್ಲ.

ನನಗೆ ನೆಟ್ ಆಗಿ ಐದೂವರೆ ವರ್ಷದ ಮೇಲೆ ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳು 2024ರ ಜೂನ್ 18ಕ್ಕೆ ನೆಟ್ ಬರೆದಳು. ಸಂಜೆ ಫೋನ್ ಮಾಡಿ "ಚೆನ್ನಾಗಾಗಿದೆ ಮ್ಯಾಮ್" ಅಂದಳು. ಮಾರನೇ ದಿನ ರಾತ್ರಿ ಇಡೀ ಪರೀಕ್ಷೆ ರದ್ದಾಯಿತು. ಮತ್ತೆ ನಡೆದದ್ದು ಆಗಸ್ಟ್ ಕೊನೆಗೆ. ಅವಳು ಎರಡನೇ ಸಲ ಬರೆಯಲು ಹೋಗಲೇ ಇಲ್ಲ. ಆ ಹೊತ್ತಿಗೆ ಹಾಸನದ ಬಟ್ಟೆ ಅಂಗಡಿಯೊಂದರಲ್ಲಿ ಅಕೌಂಟ್ಸ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದಳು.

ನೆಟ್ ಸರ್ಟಿಫಿಕೇಟ್ ಬಂದ ವರ್ಷವೇ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದೆ. ಆಗಲೇ ನಾನು ಆ ಪದ ಕಲಿತದ್ದು: ಕಾರ್ಯಭಾರ. ಸ್ಟಾಫ್ ರೂಮಿನಲ್ಲಿ ಎಲ್ಲರೂ 'ವರ್ಕ್‌ಲೋಡ್' ಅನ್ನುತ್ತಾರೆ. ನಮ್ಮ ಕ್ಷೇತ್ರದಲ್ಲಿ ನಿನಗೆಷ್ಟು ಗೊತ್ತು ಅಂತ ಯಾರೂ ಕೇಳುವುದಿಲ್ಲ, ವರ್ಕ್‌ಲೋಡ್ ಎಷ್ಟಿದೆ ಅಂತ ಕೇಳುತ್ತಾರೆ. ನನಗೆ ಇದ್ದದ್ದು ವಾರಕ್ಕೆ 8 ಗಂಟೆ. ನೆಟ್ ಆದವರಿಗೆ ಗೌರವಧನ ತಿಂಗಳಿಗೆ 13,000 ರೂಪಾಯಿ. ಅದು ತಿಂಗಳು ತಿಂಗಳಿಗೆ ಬರುತ್ತಿತ್ತು ಅಂದುಕೊಳ್ಳಬೇಡಿ. ಮೂರೋ ನಾಲ್ಕೋ ತಿಂಗಳಿಗೆ ಒಮ್ಮೆ ಒಟ್ಟಿಗೆ ಬೀಳುತ್ತಿತ್ತು. ಬಿದ್ದ ದಿನ ಅಂಗಡಿ ಸಾಲ ತೀರಿಸಿ, ಚಪ್ಪಲಿ ಕೊಂಡು, ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನುವುದು ನನ್ನ ಪದ್ಧತಿಯಾಗಿತ್ತು. ಪಿಎಚ್‌.ಡಿ. ಮುಗಿಸಿದ್ದು ಇದೇ ದುಡ್ಡಿನಲ್ಲಿ.

2022ರ ಜನವರಿಯಲ್ಲಿ ಸರ್ಕಾರ ಗೌರವಧನ ಏರಿಸಿತು. ನೆಟ್ ಅಥವಾ ಪಿಎಚ್‌.ಡಿ. ಇದ್ದು ಐದು ವರ್ಷ ಸೇವೆ ಆದವರಿಗೆ 32,000, ಅಷ್ಟು ಸೇವೆ ಇಲ್ಲದವರಿಗೆ 30,000. ಸ್ಟಾಫ್ ರೂಮಿನಲ್ಲಿ ಸಿಹಿ ಹಂಚಿದೆವು. ಮೈಸೂರ್ ಪಾಕ್ ತಿಂದು ಕೈ ಒರೆಸಿಕೊಳ್ಳುವ ಹೊತ್ತಿಗೆ ಆದೇಶದ ಇನ್ನೊಂದು ಸಾಲು ಯಾರೋ ಓದಿದರು. ಕಾರ್ಯಭಾರ ವಾರಕ್ಕೆ 15 ಗಂಟೆ. ಕನ್ನಡ, ಇಂಗ್ಲಿಷ್, ವಾಣಿಜ್ಯದವರಿಗೆ ಹದಿನೈದು ಗಂಟೆ ಹೊಂದಿಸಬಹುದು. ಇಬ್ಬರ ಗಂಟೆ ಸೇರಿಸಿ ಒಬ್ಬರಿಗೆ ಕೊಟ್ಟರೆ ಆಯಿತು. ಅದರಲ್ಲೂ ಒಬ್ಬರು ಮನೆಗೆ ಹೋಗಬೇಕು, ಅದು ಬೇರೆ ಮಾತು. ನಮ್ಮ ಕಾಲೇಜಿನಲ್ಲಿ ತತ್ವಶಾಸ್ತ್ರಕ್ಕೆ ಇದ್ದದ್ದೇ ಎಂಟು. ಯಾರ ಜೊತೆ ಸೇರಿಸುವುದು? ಮುಂದಿನ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ. ಸಂಬಳ ಎರಡು ಪಟ್ಟಿಗಿಂತ ಜಾಸ್ತಿಯಾದ ವರ್ಷವೇ ನನಗೆ ಸಂಬಳ ನಿಂತಿತು.

ಆ ಕಾಲೇಜಿನ ಮೊದಲ ಮಹಡಿಯಲ್ಲಿ 'ತತ್ವಶಾಸ್ತ್ರ ವಿಭಾಗ' ಅಂತ ಹಸಿರು ಬೋರ್ಡು ಇನ್ನೂ ಇದೆ. ಒಳಗೆ ನ್ಯಾಕ್ ಫೈಲುಗಳು, ಮುರಿದ ಪೋಡಿಯಂ, ಎನ್‌ಎಸ್‌ಎಸ್ ಗುದ್ದಲಿ, ಸಲಾಕೆ. ಕಾಯಂ ಇದ್ದ ಕೊನೆಯ ಮೇಷ್ಟ್ರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರನ್ನೂ ತುಂಬಲಿಲ್ಲ. ಯಾರೂ ಇಲ್ಲ ಅಂತ ವಿದ್ಯಾರ್ಥಿಗಳು ಆ ವಿಷಯ ತೆಗೆದುಕೊಳ್ಳಲಿಲ್ಲ. ವಿದ್ಯಾರ್ಥಿಗಳಿಲ್ಲ ಅಂತ ಹುದ್ದೆ ಬೇಡ ಅಂದರು.

ನ್ಯಾಯಶಾಸ್ತ್ರದಲ್ಲಿ ಅಭಾವ ನಾಲ್ಕು ಬಗೆ. ಅದರಲ್ಲಿ ಎರಡು ಇಲ್ಲಿಗೆ ಬೇಕು. ಗಡಿಗೆ ಮಾಡುವ ಮುಂಚೆ ಗಡಿಗೆ ಇಲ್ಲ, ಅದು ಪ್ರಾಗಭಾವ. ಗಡಿಗೆ ಒಡೆದ ಮೇಲೆ ಇಲ್ಲ, ಅದು ಪ್ರಧ್ವಂಸಾಭಾವ. ಮೊದಲನೆಯದಕ್ಕೆ ಆದಿ ಇಲ್ಲ, ಆದರೆ ಕೊನೆ ಇದೆ: ಕುಂಬಾರ ಗಡಿಗೆ ಮಾಡಿದ ಕೂಡಲೇ ಅದು ಮುಗಿಯಿತು. ಎರಡನೆಯದಕ್ಕೆ ಆದಿ ಇದೆ, ಕೊನೆ ಇಲ್ಲ. ಒಡೆದ ಗಡಿಗೆ ಮತ್ತೆ ಬರುವುದಿಲ್ಲ. ನನ್ನ ಜೊತೆ ಓದಿದವನೊಬ್ಬ ಈಗ ಬೆಂಗಳೂರಿನಲ್ಲಿ ಅನುವಾದದ ಕೆಲಸ ಮಾಡುತ್ತಾನೆ. ನಾವಿಬ್ಬರೂ ಫೋನಿನಲ್ಲಿ ಇದನ್ನೇ ಹೇಳಿ ನಗುತ್ತೇವೆ. ಹೊಸ ನೋಟಿಫಿಕೇಷನ್ ಬಂದರೆ ಅವನ ಮೊದಲ ಪ್ರಶ್ನೆ, "ಪ್ರಾಗಾ, ಪ್ರಧ್ವಂಸಾನಾ?"

ಸರ್ಕಾರಿ ಕಾಲೇಜು ಬಿಟ್ಟ ಮೇಲೆ ಕಂಡಕಂಡಲ್ಲಿ ಅರ್ಜಿ ಹಾಕಿದೆ. ಪಿಯು ಕಾಲೇಜಿನಲ್ಲಿ ತರ್ಕಶಾಸ್ತ್ರ ಐಚ್ಛಿಕ ವಿಷಯ. ಆದರೆ ಉಪನ್ಯಾಸಕರಾಗಲು ಬಿ.ಎಡ್. ಬೇಕು, ನಾನು ಮಾಡಿಲ್ಲ. ಐಐಟಿಗಳ ಮಾನವಿಕ ವಿಭಾಗಗಳಲ್ಲಿ ತತ್ವಶಾಸ್ತ್ರ ಇದೆ. ಅಲ್ಲಿ ಕೇಳುವ ಜರ್ನಲ್‌ಗಳಲ್ಲಿ ನನ್ನ ಲೇಖನ ಒಂದೇ ಬಂದಿದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಅದಕ್ಕೂ ಮುಂಚೆ, 2018ರಲ್ಲಿ, ನೇಮಕಾತಿ ನಿಂತೇ ಹೋಗಿತ್ತು. ಮೀಸಲಾತಿಗೆ ಇಡೀ ವಿಶ್ವವಿದ್ಯಾಲಯದ ಬದಲು ಒಂದೊಂದು ವಿಭಾಗವನ್ನೇ ಘಟಕ ಮಾಡಿ ಲೆಕ್ಕ ಹಾಕಬೇಕು ಅಂತ ಆ ಮಾರ್ಚ್‌ನಲ್ಲಿ ಆದೇಶ ಬಂತು. ನಮ್ಮಂಥ ಎರಡು ಮೂರು ಹುದ್ದೆಯ ವಿಭಾಗದಲ್ಲಿ ಹಾಗೆ ಲೆಕ್ಕ ಹಾಕಿದರೆ ಮೀಸಲಾತಿಯ ಸರದಿ ಬರುವುದೇ ಅಪರೂಪ. ಗಲಾಟೆಯಾಯಿತು. 2019ರಲ್ಲಿ ಕಾಯ್ದೆ ತಂದು ಮತ್ತೆ ವಿಶ್ವವಿದ್ಯಾಲಯವೇ ಘಟಕ ಅಂದರು. ಆ ಕಾಯ್ದೆ ಆಗಲೇಬೇಕಿತ್ತು. ಇಷ್ಟರಲ್ಲಿ ನಾನು ಹಾಕಬೇಕೆಂದಿದ್ದ ಎರಡು ಜಾಹೀರಾತು ರದ್ದಾದವು. ಹೊಸ ಜಾಹೀರಾತಿನಲ್ಲಿ 'ಹಿಂದೆ ಅರ್ಜಿ ಸಲ್ಲಿಸಿದವರೂ ಹೊಸದಾಗಿ ಸಲ್ಲಿಸತಕ್ಕದ್ದು' ಎಂಬ ಸಾಲು ಇತ್ತು. ಈ ಸಾಲು ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ.

ಇದರ ನಡುವೆ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿಗೂ ಹೋಗಿದ್ದೆ. ಎಂಜಿನಿಯರಿಂಗ್ ಮಕ್ಕಳಿಗೆ ಈಗ 'ಯೂನಿವರ್ಸಲ್ ಹ್ಯೂಮನ್ ವ್ಯಾಲ್ಯೂಸ್' ಅಂತ ಒಂದು ವಿಷಯ ಇದೆ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ತಂದದ್ದು. ಮೌಲ್ಯ, ಸಂಬಂಧ, ಸಹಬಾಳ್ವೆ, ಒಳ್ಳೇ ಬದುಕು ಅಂದರೇನು, ಇಂಥವು. ಇದಕ್ಕಿಂತ ನನ್ನ ವಿಷಯ ಬೇಕಾ ಅಂದುಕೊಂಡು ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋದೆ. ಪ್ರಿನ್ಸಿಪಾಲರು ಬಹಳ ಒಳ್ಳೆಯವರು. ಕಾಫಿ ತರಿಸಿದರು. ನನ್ನ ಫೈಲನ್ನು ನಿಜವಾಗಲೂ ಓದಿದರು.

"ನೋಡಿ ಮೇಡಂ, ನಿಮ್ಮ ಹತ್ರ ಮುಚ್ಚಿಡಲ್ಲ. ಮೆಕ್ಯಾನಿಕಲ್‌ಗೆ ಅಡ್ಮಿಷನ್ ಬಿದ್ದುಹೋಗಿದೆ. ಅಲ್ಲಿ ಸ್ಟಾಫ್ ಇದ್ದಾರೆ, ವರ್ಕ್‌ಲೋಡ್ ಇಲ್ಲ. ಅವರಿಗೇ ಟ್ರೇನಿಂಗ್ ಕೊಡಿಸಿ ಈ ಕ್ಲಾಸ್ ಕೊಟ್ಟಿದ್ದೀನಿ. ಇಲ್ಲಾಂದ್ರೆ ಅವರನ್ನು ಕಳಿಸಬೇಕಾಗುತ್ತೆ."

ನಾನು ಏನು ಹೇಳಲಿ? ಆ ಮೆಕ್ಯಾನಿಕಲ್ ಮೇಷ್ಟ್ರಿಗೂ ಮನೆ, ಮಕ್ಕಳು ಇರುತ್ತಾರೆ. ಹೊರಗೆ ಬರುವಾಗ ಒಂದು ಕ್ಲಾಸಿನ ಕಿಟಕಿಯಿಂದ ಕಂಡಿತು. ಬೋರ್ಡಿನ ಮೇಲೆ ಅವರು ಬಾಕ್ಸ್ ಬರೆದು, ಬಾಣ ಎಳೆದು, ಸುಖ ಮತ್ತು ಸೌಲಭ್ಯಕ್ಕೆ ಇರುವ ವ್ಯತ್ಯಾಸ ಹೇಳುತ್ತಿದ್ದರು. ಎಂಜಿನ್ ಚಿತ್ರದ ಹಾಗೆಯೇ ಅಚ್ಚುಕಟ್ಟಾಗಿತ್ತು. ಮಕ್ಕಳು ಫೋನ್ ನೋಡುತ್ತಿದ್ದರು. ಅಷ್ಟರ ಮಟ್ಟಿಗೆ ನಾನಿದ್ದರೂ ಅದೇ ಆಗುತ್ತಿತ್ತು.

ಇನ್ನು ಆ 2 ಕೆಜಿ 140 ಗ್ರಾಮಿನ ಕಥೆ. ಹನ್ನೊಂದು ತಿಂಗಳ ಮೇಲೆ ಇಮೇಲ್ ಬಂತು. ಸಂದರ್ಶನಕ್ಕೆ ಒಂಬತ್ತು ದಿನ ಇತ್ತು. ಊರು ಬೇರೆ ರಾಜ್ಯದಲ್ಲಿ. ರೈಲಿನಲ್ಲಿ ತತ್ಕಾಲ್ ಸಿಕ್ಕಿತು. ಅಲ್ಲಿ ಕಾಯುವ ಕೋಣೆಯಲ್ಲಿ ನಾವು ಏಳು ಜನ. ಒಬ್ಬರು ಕೇರಳದವರು, ಹದಿಮೂರು ವರ್ಷ ಗೆಸ್ಟ್ ಆಗಿ ಪಾಠ ಮಾಡಿದವರು. ಇನ್ನೊಬ್ಬರು ದೆಹಲಿಯಿಂದ ಬಂದಿದ್ದರು. ಅವರಿಗೆ ಲೆಕ್ಚರಿಗೆ ಇಷ್ಟು ಅಂತ ದುಡ್ಡು. ಯುಜಿಸಿ 2019ರಲ್ಲಿ ಒಂದು ಲೆಕ್ಚರಿಗೆ 1,500, ತಿಂಗಳಿಗೆ 50,000 ಮೀರಬಾರದು ಅಂತ ಮಾಡಿದ ನಿಯಮದಂತೆ. "ಐವತ್ತು ಸಾವಿರದ ಹತ್ತಿರಕ್ಕೂ ಯಾವತ್ತೂ ಹೋಗಿಲ್ಲ" ಅಂದರು. ನಾವೆಲ್ಲ ಸ್ಪರ್ಧಿಗಳು ಅನ್ನುವುದೇ ಮರೆತು ತಿಂಡಿ ಹಂಚಿಕೊಂಡೆವು. ನಾನು ಕೋಡುಬಳೆ ಒಯ್ದಿದ್ದೆ.

ಆ ಕೇರಳದವರು ಮೆಲ್ಲಗೆ ಕೇಳಿದರು, ಒಳಗೆ ನಿಮಗೆ ಯಾರಾದರೂ ಗೊತ್ತಾ ಅಂತ. ಊರಿಂದ ಹೊರಡುವಾಗ ಅಪ್ಪನ ಸ್ನೇಹಿತರೂ ಇದನ್ನೇ ಕೇಳಿದ್ದರು: "ಅಲ್ಲಿ ಆಪ್ತರು ಯಾರಾದ್ರೂ ಇದ್ದಾರೇನಮ್ಮಾ?" ನ್ಯಾಯಸೂತ್ರದಲ್ಲೂ ಆಪ್ತ ಬರುತ್ತಾನೆ. ಅಲ್ಲಿ ಆಪ್ತ ಅಂದರೆ ಇದ್ದದ್ದನ್ನು ಇದ್ದ ಹಾಗೆ ತಿಳಿದು, ತಿಳಿದ ಹಾಗೆ ಹೇಳುವವನು. ಅವನ ಮಾತೇ ಪ್ರಮಾಣ. ನಮ್ಮೂರಿನ ಅರ್ಥದ ಆಪ್ತರು ನನಗೆ ಅಲ್ಲಿ ಯಾರೂ ಇರಲಿಲ್ಲ.

ಒಳಗೆ ಹದಿನಾಲ್ಕು ನಿಮಿಷ. ಮೊದಲ ಪ್ರಶ್ನೆ, ಇಷ್ಟು ದೂರದಿಂದ ಬಂದಿದ್ದೀರಿ, ಕೆಲಸ ಸಿಕ್ಕರೆ ಇಲ್ಲಿ ನಿಲ್ಲುತ್ತೀರಾ? ಎರಡನೆಯದು, ಮದುವೆಯಾಗಿದೆಯಾ? ಮೂರನೆಯದು, ಅಭಾವದಿಂದ ಸಮಾಜಕ್ಕೆ ಏನು ಉಪಯೋಗ? ಇದಕ್ಕೆ ನಾನು ಏನೋ ತೊದಲಿದೆ. ಆಗ ಮೂಲೆಯಲ್ಲಿ ಕೂತಿದ್ದ ವಯಸ್ಸಾದ ವಿಷಯತಜ್ಞರೊಬ್ಬರು ಕನ್ನಡಕ ತೆಗೆದು, "ಕತ್ತಲಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ ಅನ್ನಬಹುದಾ?" ಅಂದರು. ನನಗೆ ಜೀವ ಬಂತು. ಅನ್ನಬಾರದು ಅಂದೆ. ಬರೀ ಕಾಣದಿದ್ದರೆ ಸಾಲದು, ಆ ವಸ್ತು ಕಾಣುವುದಕ್ಕೆ ಯೋಗ್ಯವಾಗಿರಬೇಕು. ಬೆಳಕಿರಬೇಕು, ಕಣ್ಣು ಸರಿಯಿರಬೇಕು, ವಸ್ತು ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಅನ್ನುವ ಹಾಗಿರಬೇಕು. ಆಗ ಕಾಣದೇ ಹೋದರೆ ಮಾತ್ರ 'ಇಲ್ಲ' ಅನ್ನಬಹುದು. ಅದಕ್ಕೇ ಯೋಗ್ಯಾನುಪಲಬ್ಧಿ ಅನ್ನುವುದು. ಅವರು ಪಿಶಾಚಿಯ ಉದಾಹರಣೆ ಎತ್ತಿದರು. ಪಿಶಾಚಿ ಕಣ್ಣಿಗೆ ಕಾಣುವ ಜಾತಿಯದ್ದಲ್ಲ, ಹಾಗಾಗಿ ಕಾಣಲಿಲ್ಲ ಅಂದಮಾತ್ರಕ್ಕೆ ಇಲ್ಲ ಅನ್ನುವ ಹಾಗಿಲ್ಲ. ನಾವಿಬ್ಬರೂ ನಾಲ್ಕು ನಿಮಿಷ ಮಾತಾಡಿದೆವು. ಉಳಿದವರು ನೀರು ಕುಡಿದರು. ಒಬ್ಬರು ಗಡಿಯಾರ ನೋಡಿದರು. ಅಷ್ಟೂ ವರ್ಷಗಳಲ್ಲಿ ನನ್ನ ವಿಷಯದ ಬಗ್ಗೆ ಸಂದರ್ಶನದಲ್ಲಿ ಯಾರೋ ಕೇಳಿದ್ದು ಅದೊಂದೇ ಸಲ.

ಫಲಿತಾಂಶ ಎರಡು ತಿಂಗಳ ಮೇಲೆ ವೆಬ್‌ಸೈಟಿನಲ್ಲಿ ಬಂತು. ಪಿಡಿಎಫ್ ತೆಗೆದು ಹುಡುಕಿದೆ. ತತ್ವಶಾಸ್ತ್ರದ ಮುಂದೆ ಮೂರು ಅಕ್ಷರ: ಎನ್‌ಎಫ್‌ಎಸ್. 'ನನ್ ಫೌಂಡ್ ಸೂಟಬಲ್'. ಯೋಗ್ಯರು ಯಾರೂ ಸಿಗಲಿಲ್ಲ.

ಏಳು ಜನ ಹೋಗಿದ್ದೆವು. ಏಳೂ ಜನರಿಗೆ ಪಿಎಚ್‌.ಡಿ. ಇತ್ತು. ಬೆಳಕು ಇತ್ತು, ಟ್ಯೂಬ್‌ಲೈಟು ಎರಡು. ನಾನು ಅನುವಾದದ ಸ್ನೇಹಿತನಿಗೆ ಫೋನ್ ಮಾಡಿದೆ. ಅವನು ತುಂಬ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಾವು ಪಿಶಾಚಿ ಕೆಟಗರಿ ಕಣೇ" ಅಂದ. ಇಬ್ಬರೂ ನಕ್ಕೆವು. ಫೋನ್ ಇಟ್ಟ ಮೇಲೆ ನಾನು ಅತ್ತೆ. ಹುದ್ದೆ ಖಾಲಿ ಉಳಿಸಿಕೊಂಡರೆ ಅದು ಮುಂದಿನ ಜಾಹೀರಾತಿನಲ್ಲಿ ಬರಬಹುದು, ಬರದೇನೂ ಇರಬಹುದು. ಬೇರೆ ಯಾರಿಗೋ ಸಿಕ್ಕಿದ್ದರೆ ಇಷ್ಟು ಉರಿಯುತ್ತಿರಲಿಲ್ಲ ಅನಿಸುತ್ತದೆ. ಆ ಕೇರಳದವರಿಗೆ ಸಿಗಬೇಕಿತ್ತು.

ಈಗ ಒಂದು ತಾಲ್ಲೂಕಿನ ಖಾಸಗಿ ಕಾಲೇಜಿನಲ್ಲಿದ್ದೇನೆ. ಅಲ್ಲಿನ ಬಿ.ಎ.ಯಲ್ಲಿ ತತ್ವಶಾಸ್ತ್ರ ಇನ್ನೂ ಇದೆ. ಆಡಳಿತ ಮಂಡಳಿಯ ಷರತ್ತು ಒಂದೇ: ಮೊದಲ ವರ್ಷಕ್ಕೆ ಕನಿಷ್ಠ 15 ಮಕ್ಕಳು. ಒಂದು ವರ್ಷ ತಪ್ಪಿದರೆ ಆ ತೂತು ಮೂರು ವರ್ಷ ಮುಂದಕ್ಕೆ ಸಾಗುತ್ತದೆ. ಈ ವರ್ಷ ಮೊದಲನೇ ತರಗತಿ ಇಲ್ಲ, ಮುಂದಿನ ವರ್ಷ ಎರಡನೆಯದು ಇಲ್ಲ, ಆಮೇಲೆ ಮೂರನೆಯದು. ಹಾಗಾಗಿ ಅಡ್ಮಿಷನ್ ವಾರದಲ್ಲಿ ನಾನು ಪೋರ್ಟಿಕೋದಲ್ಲಿ ಟೇಬಲ್ ಹಾಕಿಕೊಂಡು ಕೂರುತ್ತೇನೆ. ಪಕ್ಕದ ಟೇಬಲ್ಲಿನಲ್ಲಿ ಸಮಾಜಶಾಸ್ತ್ರದವರು. ಅವರೂ ಅದೇ ಕೆಲಸಕ್ಕೆ.

ಸೆಪ್ಟೆಂಬರ್ 5 ಬಂದರೆ ಮಾತ್ರ ನನಗೆ ಬೇಡಿಕೆ. ಶಿಕ್ಷಕರ ದಿನಕ್ಕೆ ಭಾಷಣ ನನ್ನದೇ. ರಾಧಾಕೃಷ್ಣನ್ 1918ರಿಂದ ಮೂರು ವರ್ಷ ಮೈಸೂರಿನಲ್ಲಿ ತತ್ವಶಾಸ್ತ್ರ ಪಾಠ ಮಾಡಿದ್ದು, ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಕುದುರೆ ಬಿಚ್ಚಿ ಸಾರೋಟನ್ನು ತಾವೇ ರೈಲ್ವೆ ಸ್ಟೇಷನ್‌ವರೆಗೆ ಎಳೆದದ್ದು, ಇದನ್ನು ಪ್ರತಿ ವರ್ಷ ಹೇಳುತ್ತೇನೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಪ್ರಿನ್ಸಿಪಾಲರು ಶಾಲು ಹೊದಿಸುತ್ತಾರೆ. ನನ್ನ ಹತ್ತಿರ ಈಗ ಮೂರು ಶಾಲಿವೆ.

ಕಳೆದ ಸಲದ ಅಡ್ಮಿಷನ್ನಿನ ಕೊನೇ ದಿನ ಮಧ್ಯಾಹ್ನಕ್ಕೆ 14 ಆಗಿತ್ತು. ಒಬ್ಬ ಹುಡುಗಿ ಅಪ್ಪನ ಜೊತೆ ಬಂದಳು. ಅಪ್ಪ ಹಾಲಿನ ಡೇರಿಯವರು, ಅಂಗಿಗೆ ಪೆನ್ನು ಸಿಕ್ಕಿಸಿದ್ದರು. ನೇರವಾಗಿ ಕೇಳಿದರು, "ಇದನ್ನ ಓದಿದ್ರೆ ಕೆಲಸ ಸಿಗುತ್ತಾ ಮೇಡಂ?"

ಹದಿನೈದನೆಯವಳು ಎದುರಿಗೆ ಕೂತಿದ್ದಾಳೆ. ಅವಳು ಸಹಿ ಹಾಕಿದರೆ ನನ್ನ ಗಂಟೆ ಉಳಿಯುತ್ತದೆ. ಅವರು ನನ್ನನ್ನು ನೋಡುತ್ತಿದ್ದರು, ಗೊತ್ತಿರುವವರು ಹೇಳುತ್ತಾರೆ ಅನ್ನುವ ಹಾಗೆ.

"ಇದೊಂದನ್ನೇ ನಂಬಿಕೊಂಡ್ರೆ ಕಷ್ಟ ಇದೆ ಸಾರ್. ಜೊತೆಗೆ ಕನ್ನಡ, ಇತಿಹಾಸ ತಗೊಳ್ಲಿ. ಆಮೇಲೆ ಬಿ.ಎಡ್. ಮಾಡಬಹುದು. ನಾನು ಮಾಡದೇ ತಪ್ಪು ಮಾಡಿದೆ."

ಅವರು ತಲೆಯಾಡಿಸಿದರು. ಮಗಳು ಮೊದಲ ಸಲ ಬಾಯಿ ಬಿಟ್ಟಳು. "ಮ್ಯಾಮ್, ವಾದ ಮಾಡೋದು ಹೇಳ್ಕೊಡ್ತಾರೆ ಅಂದ್ರು ಇದರಲ್ಲಿ. ಹೌದಾ?"

"ಹೌದು. ಗೆಲ್ಲೋದಲ್ಲ, ಮಾಡೋದು."

"ಊಟ ಮಾಡ್ಕೊಂಡು ಬರ್ತೀವಿ" ಅಂತ ಎದ್ದು ಹೋದರು. ನಾಲ್ಕು ಗಂಟೆಗೆ ಕೌಂಟರ್ ಮುಚ್ಚುತ್ತಿತ್ತು. ಸಮಾಜಶಾಸ್ತ್ರದ ಮೇಡಂ ನನ್ನ ಕಡೆ ನೋಡಿ, "ಬಿ.ಎಡ್. ವಿಷಯ ಯಾಕ್ರೀ ಎತ್ತಿದ್ರಿ?" ಅಂದರು. ಮೂರೂ ಮುಕ್ಕಾಲಿಗೆ ಅಪ್ಪ ಮಗಳು ವಾಪಸ್ ಬಂದರು. ಹುಡುಗಿ ಕನ್ನಡ, ಇತಿಹಾಸ, ತತ್ವಶಾಸ್ತ್ರಕ್ಕೆ ಟಿಕ್ ಹಾಕಿ ಅಪ್ಪನ ಪೆನ್ನಿನಿಂದ ಸಹಿ ಮಾಡಿದಳು.

ಮೊನ್ನೆ ಇನ್ನೊಂದು ವಿಶ್ವವಿದ್ಯಾಲಯದ ಜಾಹೀರಾತು ಬಂತು. ತತ್ವಶಾಸ್ತ್ರ, ಒಂದು ಹುದ್ದೆ. ಕಾಲೇಜು ಮುಗಿಸಿ ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಗೆ ಹೋದೆ. ಹುಡುಗನಿಗೆ ಈಗ ನನ್ನ ಫೈಲ್ ಗೊತ್ತು. ಯಾವ ಹಾಳೆಯ ಹಿಂಬದಿಯಲ್ಲಿ ಸೀಲ್ ಇದೆ ಅನ್ನುವುದೂ ಗೊತ್ತು.

"ಎರಡು ಸೆಟ್ಟಾ ಮ್ಯಾಮ್?" ಅಂದ.

ಈ ಸಲ ನಾಲ್ಕು ಕೇಳಿದ್ದಾರೆ.